ಎರಡನೆಯ ದುಡಿಮೆಗೂ ಗಂಟೆ ಬೇಕು

(ಮಂಗಳೂರಿನ ಒಂದು ಕಲಿಕಾ ಕೇಂದ್ರದಲ್ಲಿ, ಹೊಸದಾಗಿ ಓದು ಬರಹ ಕಲಿತ ಮಹಿಳೆಯರ ಮುಂದೆ ಆಡಿದ ಮಾತು)





ಇವತ್ತು ನಾವು ನಮ್ಮ ದಿನದ ಬಗ್ಗೆ ಮಾತಾಡೋಣ. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವ ತನಕ ನಾವು ಎಷ್ಟು ದುಡಿಯುತ್ತೇವೆ? ಅದರಲ್ಲಿ ಎಷ್ಟಕ್ಕೆ ಹಣ ಬರುತ್ತದೆ? ಎಷ್ಟಕ್ಕೆ ಬರುವುದಿಲ್ಲ? ಇದನ್ನು ನಾವು ಯಾವತ್ತೂ ಕೂತು ಲೆಕ್ಕ ಹಾಕಿದವರಲ್ಲ. ಈಗ ನಮಗೆ ಅಕ್ಷರ ಬಂದಿದೆ. ಅಂಕೆ ಬಂದಿದೆ. ಹಾಗಾಗಿ ಲೆಕ್ಕ ಹಾಕೋಣ.

ನಮ್ಮಲ್ಲಿ ಒಂದೇ ಕೆಲಸ ಮಾಡುವವರು ಕಡಿಮೆ. ಹಗಲು ಗೇರುಬೀಜದ ಫ್ಯಾಕ್ಟರಿ, ರಾತ್ರಿ ಬೀಡಿ. ಹಗಲು ಆಸ್ಪತ್ರೆಯಲ್ಲಿ ಗುಡಿಸಿ ಒರೆಸುವ ಕೆಲಸ, ಸಂಜೆ ಮನೆಯಲ್ಲಿ ಹೊಲಿಗೆ. ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು ವ್ಯಾಪಾರ, ರಾತ್ರಿ ಹಪ್ಪಳ, ಚಕ್ಕುಲಿ. ಹಗಲು ಶಾಲೆಯಲ್ಲಿ ಬಿಸಿಯೂಟದ ಅಡುಗೆ, ಸಂಜೆ ಹೂ ಕಟ್ಟುವುದು.

"ಎಂತಕ್ಕೆ ಅಕ್ಕ, ಎರಡೆರಡು ಕೆಲಸ?" ಎಂದು ಕೇಳಿ ನೋಡಿ. ಉತ್ತರ ಒಂದೇ.

"ಒಂದರಲ್ಲಿ ಸಾಲುವುದಿಲ್ಲ ಮಾರಾಯ್ತಿ."

ಮಾತು ಸತ್ಯ. ಬಾಡಿಗೆ ಉಂಟು. ಮಕ್ಕಳ ಫೀಸು ಉಂಟು. ಸಂಘದ ಸಾಲದ ಕಂತು ಉಂಟು. ಆದ್ದರಿಂದ ಎರಡನೆಯ ಕೆಲಸ ಮಾಡಬೇಡಿ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಸುಲಭ. ಕಂತು ಕಟ್ಟುವವರು ಯಾರು? ನಾವು ಕೇಳುವುದು ಬೇರೆ ಪ್ರಶ್ನೆ. ಈ ಎರಡನೆಯ ಕೆಲಸ ಎಷ್ಟು ಗಂಟೆಗೆ ಶುರುವಾಗುತ್ತದೆ? ಎಷ್ಟು ಗಂಟೆಗೆ ಮುಗಿಯುತ್ತದೆ?

ಫ್ಯಾಕ್ಟರಿಯ ಕೆಲಸ ಮುಗಿಯುವ ಹೊತ್ತು ನಮಗೆ ಗೊತ್ತು. ಬೀಡಿಯ ತಡ್ಪೆ ಕೆಳಗೆ ಇಡುವ ಹೊತ್ತು ಯಾವುದು? ಅದು ಯಾರಿಗೂ ಗೊತ್ತಿಲ್ಲ. ಬೀಡಿ ಆದಾಗ ಮುಗಿಯಿತು, ಅಷ್ಟೇ. ಇವತ್ತಿನ ನಮ್ಮ ಮಾತು ಇದರ ಬಗ್ಗೆಯೇ.

ಕೆಲಸ ಮನೆಯೊಳಗೆ ಬಂದ ಕಥೆ

ಮಂಗಳೂರಿನ ಹೆಂಗಸರು ಕೂಲಿಗೆ ಹೋಗುವುದು ಇವತ್ತು ನಿನ್ನೆ ಶುರುವಾದದ್ದಲ್ಲ. ಬಾಸೆಲ್ ಮಿಶನ್‌ನವರು 1834ರಲ್ಲಿ ಈ ಊರಿಗೆ ಬಂದರು. ನೇಯ್ಗೆ ಶುರು ಮಾಡಿದರು. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿ ದಡದಲ್ಲಿ, ಹಂಚಿನ ಕಾರ್ಖಾನೆ ತೆರೆದರು. ಅದರ ಹಿಂದೆ ಇನ್ನೂ ಹಲವು ಹಂಚಿನ ಕಾರ್ಖಾನೆಗಳು ಎದ್ದವು. ಅಲ್ಲಿ ಹೆಂಗಸರೂ ದುಡಿದರು. ಆಮೇಲೆ ಗೇರುಬೀಜದ ಫ್ಯಾಕ್ಟರಿಗಳು ಬಂದವು. ಬೀಜ ಒಡೆಯುವುದು, ಸಿಪ್ಪೆ ತೆಗೆಯುವುದು, ಬಿಳಿ ಬೀಜ, ತುಂಡು ಬೀಜ ಎಂದು ವಿಂಗಡಿಸುವುದು, ಹೆಚ್ಚಾಗಿ ಹೆಂಗಸರ ಕೈಯ ಕೆಲಸವೇ ಆಯಿತು. ಬೀಡಿಯೂ ಬಂತು.

ಬೀಡಿಯ ಸಂಗತಿ ವಿಚಿತ್ರ. ಬೀಡಿ ಎಲೆ ನಮ್ಮೂರಿನದಲ್ಲ. ಅದು ಮಧ್ಯಪ್ರದೇಶ, ಒಡಿಶಾದಂಥ ದೂರದ ಕಾಡುಗಳಿಂದ ಬರುತ್ತದೆ. ಹೊಗೆಸೊಪ್ಪೂ ನಮ್ಮೂರಿನದಲ್ಲ. ಅದು ನಿಪ್ಪಾಣಿಯಿಂದ, ಗುಜರಾತಿನಿಂದ ಬರುತ್ತದೆ. ಹಾಗಾದರೆ ನಮ್ಮೂರಿನದು ಎಂತ? ಕಟ್ಟುವ ಕೈಬೆರಳು. ಈ ಬೆರಳುಗಳ ಮೇಲೆಯೇ ಮಂಗಳೂರು ಬೀಡಿಗೆ ಹೆಸರು ಬಂತು.

ಮೊದಲು ಬೀಡಿ ಕಟ್ಟುತ್ತಿದ್ದದ್ದು ಮನೆಯಲ್ಲಿ ಮಾತ್ರ ಅಲ್ಲ. ಹಲವೆಡೆ ಶೆಡ್‌ಗಳಿದ್ದವು. ನಮ್ಮ ನೆರೆಯ ಕಣ್ಣೂರಿನ ಶೆಡ್‌ಗಳ ವಿಷಯ ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಅಲ್ಲಿ ಸಾಲಾಗಿ ಕುಳಿತು ಬೀಡಿ ಕಟ್ಟುತ್ತಿದ್ದರು. ಒಬ್ಬರು ಮಾತ್ರ ಕಟ್ಟುತ್ತಿರಲಿಲ್ಲ. ಅವರು ದೊಡ್ಡ ದನಿಯಲ್ಲಿ ಪೇಪರ್ ಓದುತ್ತಿದ್ದರು. ಉಳಿದವರು ಕಟ್ಟುತ್ತಾ ಕೇಳುತ್ತಿದ್ದರು. ಓದುವವರ ಕೂಲಿ ಹೋಗಬಾರದಲ್ಲ? ಅದಕ್ಕೆ ಎಲ್ಲರೂ ತಮ್ಮ ಬೀಡಿಯಲ್ಲಿ ಸ್ವಲ್ಪ ಸ್ವಲ್ಪ ಅವರಿಗೆ ಕೊಡುತ್ತಿದ್ದರು. ಓದು ಬಾರದವರಿಗೂ ಹೀಗೆ ಲೋಕದ ಸುದ್ದಿ ಗೊತ್ತಾಗುತ್ತಿತ್ತು.

1966ರಲ್ಲಿ ಬೀಡಿ ಕಾರ್ಮಿಕರಿಗಾಗಿ ಒಂದು ಕಾನೂನು ಬಂತು. ಕೆಲಸದ ಗಂಟೆ, ವಾರದ ರಜೆ, ಶೆಡ್‌ನಲ್ಲಿ ಗಾಳಿ ಬೆಳಕು, ಇವೆಲ್ಲ ಕೊಡಬೇಕು ಎಂದು ಆ ಕಾನೂನು ಹೇಳಿತು. ಕೊಟ್ಟರೆ ಮಾಲೀಕರಿಗೆ ಖರ್ಚು. 1968ರಲ್ಲಿ ಕೇರಳದಲ್ಲಿ ಈ ಕಾನೂನು ಜಾರಿಯಾಗುವಾಗ ಕಣ್ಣೂರು ಕಡೆಯ ದೊಡ್ಡ ಶೆಡ್‌ಗಳು ಮುಚ್ಚಿದವು. ಸಾವಿರಾರು ಜನರಿಗೆ ಕೆಲಸ ಹೋಯಿತು. ಅವರು ಸುಮ್ಮನೆ ಕೂರಲಿಲ್ಲ. 1969ರಲ್ಲಿ ದಿನೇಶ್ ಬೀಡಿ ಎಂಬ ತಮ್ಮದೇ ಸಹಕಾರಿ ಸಂಘ ಕಟ್ಟಿದರು.

ಆದರೆ ಹೆಚ್ಚಿನ ಕಡೆ ಆದದ್ದು ಬೇರೆ. ಬೀಡಿ ಶೆಡ್ ಬಿಟ್ಟು ಮನೆಗೆ ಬಂತು. ಗಂಡಸರ ಕೈಯಿಂದ ಹೆಂಗಸರ ಕೈಗೆ ಬಂತು. "ಮನೆಯಲ್ಲೇ ಕುಳಿತು ಮಾಡಬಹುದು, ಮಕ್ಕಳನ್ನೂ ನೋಡಿಕೊಳ್ಳಬಹುದು" ಎಂದು ನಮಗೂ ಖುಷಿಯಾಯಿತು. ಹೌದು, ಅನುಕೂಲ ಉಂಟು. ಬೀಡಿಯ ಹಣದಿಂದಲೇ ಎಷ್ಟೋ ಮಕ್ಕಳು ಓದಿದ್ದಾರೆ. ಎಷ್ಟೋ ಹೆಣ್ಣುಮಕ್ಕಳ ಮದುವೆ ಆಗಿದೆ. ಇದನ್ನು ಮರೆಯುವುದು ಬೇಡ.

ಆದರೆ ಶೆಡ್‌ನಲ್ಲಿ ಇದ್ದ ಕೆಲವು ವಸ್ತುಗಳು ಮನೆಗೆ ಬರಲಿಲ್ಲ. ಗಡಿಯಾರ ಬರಲಿಲ್ಲ. ವಾರದ ರಜೆ ಬರಲಿಲ್ಲ. ಪಕ್ಕದಲ್ಲಿ ಕುಳಿತ ಜೊತೆಗಾರರು ಬರಲಿಲ್ಲ. "ಸಾಕು, ಏಳಿ" ಎಂದು ಹೇಳುವವರು ಬರಲಿಲ್ಲ. ಬೀಡಿಗೆ ಮಾತ್ರ ಅಲ್ಲ, ಮನೆಯಲ್ಲಿ ಮಾಡುವ ಹೊಲಿಗೆಗೂ, ಹಪ್ಪಳಕ್ಕೂ, ಹೂವಿಗೂ ಇದೇ ಮಾತು. ಕೆಲಸ ಮನೆಯೊಳಗೆ ಬಂತು. ಕೆಲಸ ಮುಗಿಯುವ ಹೊತ್ತು ಹೊರಗೇ ಉಳಿಯಿತು.

ಒಂದು ದಿನವನ್ನು ಬರೆದು ನೋಡೋಣ

ಈಗ ಸ್ಲೇಟು ತೆಗೆದುಕೊಳ್ಳಿ. ದಿನಕ್ಕೆ ಎಷ್ಟು ಗಂಟೆ? 24. ಬಡವರಿಗೂ 24, ಶ್ರೀಮಂತರಿಗೂ 24. ಇದರಲ್ಲಿ ಕಳೆಯುತ್ತಾ ಹೋಗೋಣ. ನಮ್ಮಂತೆ ಇರುವ ಒಬ್ಬ ಅಕ್ಕನನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಆಕೆ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾಳೆ.

ಫ್ಯಾಕ್ಟರಿ ಕೆಲಸ 8 ಗಂಟೆ. ನಡುವೆ ಊಟದ ಬಿಡುವು ಅರ್ಧ ಗಂಟೆ. ನಡೆದು, ಬಸ್ಸಿಗೆ ಕಾದು, ಹೋಗಿ ಬರಲು ಒಂದೂವರೆ ಗಂಟೆ. ಒಟ್ಟು 10 ಗಂಟೆ.

ಇನ್ನು ಮನೆಗೆಲಸ. "ಅದು ಕೆಲಸವಾ? ಅದು ಇರುವುದೇ" ಎನ್ನುತ್ತೇವೆ. ಆದರೆ ಸರ್ಕಾರ ಅದನ್ನೂ ಲೆಕ್ಕ ಮಾಡಿದೆ. 2024ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶದಲ್ಲಿ ಒಂದು ಸಮೀಕ್ಷೆ ಮಾಡಿತು. ಯಾರು ಯಾವ ಕೆಲಸಕ್ಕೆ ಎಷ್ಟು ಸಮಯ ಕೊಡುತ್ತಾರೆ ಎಂದು ಕೇಳಿ ಬರೆದುಕೊಂಡಿತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. 289 ನಿಮಿಷ ಎಂದರೆ 4 ಗಂಟೆ 49 ನಿಮಿಷ. 88 ನಿಮಿಷ ಎಂದರೆ 1 ಗಂಟೆ 28 ನಿಮಿಷ. ಮಕ್ಕಳನ್ನು, ಮುದುಕರನ್ನು ನೋಡಿಕೊಳ್ಳುವ ಸಮಯ ಇದರಲ್ಲಿ ಸೇರಿಲ್ಲ. ಅದು ಬೇರೆ.

ನಾವು ಮನೆಗೆಲಸಕ್ಕೆ 5 ಗಂಟೆ ಎಂದು ಇಡೋಣ. 10 ಮತ್ತು 5, 15.

ನಿದ್ದೆ 7 ಗಂಟೆ ಬೇಕು. 15 ಮತ್ತು 7, 22.

ಸ್ನಾನ, ಊಟ, ತಲೆ ಬಾಚುವುದು, ಎಲ್ಲ ಸೇರಿ 1 ಗಂಟೆ. ಈಗ 23.

ಉಳಿದದ್ದು ಎಷ್ಟು? ಒಂದೇ ಗಂಟೆ.

ನೋಡಿದಿರಾ? ಎರಡನೆಯ ಕೆಲಸಕ್ಕೆ ನಮ್ಮ ಅಕ್ಕನ ಹತ್ತಿರ ಇರುವುದು ಒಂದು ಗಂಟೆ. ಆದರೆ ಆಕೆ ರಾತ್ರಿ 3 ಗಂಟೆ ಕುಳಿತು ಬೀಡಿ ಕಟ್ಟುತ್ತಾಳೆ. ಉಳಿದ 2 ಗಂಟೆ ಎಲ್ಲಿಂದ ಬಂತು? ಫ್ಯಾಕ್ಟರಿ ಕೊಡಲಿಲ್ಲ. ಬಸ್ಸು ಕೊಡಲಿಲ್ಲ. ಮನೆಯವರೂ ಕೊಡಲಿಲ್ಲ. ನಿದ್ದೆಯಿಂದ ಬಂತು. 7 ಗಂಟೆ ನಿದ್ದೆ 5 ಗಂಟೆಗೆ ಇಳಿಯಿತು.

ನಿದ್ದೆ ನಾವು ನಮ್ಮ ದೇಹದಿಂದ ತೆಗೆಯುವ ಸಾಲ. ಈ ಸಾಲಕ್ಕೆ ಪಾಸ್ ಪುಸ್ತಕ ಇಲ್ಲ. ಆದರೆ ಬಡ್ಡಿ ಉಂಟು.

ವಾರದ ಲೆಕ್ಕ

ಈಗ ವಾರದ ಲೆಕ್ಕ ನೋಡೋಣ. ಹಣ ಬರುವ ಕೆಲಸದ ಗಂಟೆ ಮಾತ್ರ ಹಿಡಿಯೋಣ.

ಫ್ಯಾಕ್ಟರಿ ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ. ಎಂಟಾರಲೆ 48.

ಬೀಡಿ ರಾತ್ರಿ 3 ಗಂಟೆ, 6 ರಾತ್ರಿ. ಮೂರಾರಲೆ 18.

48 ಮತ್ತು 18, ಒಟ್ಟು 66 ಗಂಟೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಎಂಬ ಎರಡು ದೊಡ್ಡ ಸಂಸ್ಥೆಗಳು ಉಂಟು. ಇವು ಎಲ್ಲ ದೇಶಗಳಿಗೆ ಸೇರಿದವು. 2021ರಲ್ಲಿ ಇವೆರಡೂ ಸೇರಿ ಒಂದು ವಿಷಯ ತಿಳಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರನ್ನು ಒಂದು ಕಡೆ ಇಟ್ಟರು. 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರನ್ನು ಇನ್ನೊಂದು ಕಡೆ ಇಟ್ಟರು. ಹೆಚ್ಚು ದುಡಿಯುವವರಿಗೆ ಲಕ್ವ ಹೊಡೆಯುವ ಅಪಾಯ ನೂರಕ್ಕೆ 35ರಷ್ಟು ಹೆಚ್ಚು. ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ನೂರಕ್ಕೆ 17ರಷ್ಟು ಹೆಚ್ಚು.

ನಮ್ಮ ಅಕ್ಕನ ಲೆಕ್ಕ 66. ಗೆರೆ ಇರುವುದು 55ರಲ್ಲಿ.

ಆಕೆ ರಾತ್ರಿ ಒಂದೇ ಗಂಟೆ ಕಟ್ಟಿದರೆ? 48 ಮತ್ತು 6, ಒಟ್ಟು 54. ಗೆರೆಯ ಈಚೆ ಉಳಿದಳು. ದಿನದ ಲೆಕ್ಕವೂ ಒಂದು ಗಂಟೆ ಎಂದಿತು. ವಾರದ ಲೆಕ್ಕವೂ ಒಂದು ಗಂಟೆ ಎಂದಿತು.

ಬಚ್ಚುವುದು ಬೇರೆ, ಬಳಲಿ ಹೋಗುವುದು ಬೇರೆ

ದುಡಿದರೆ ಬಚ್ಚುತ್ತದೆ. ಮಲಗಿ ಎದ್ದರೆ ಸರಿಯಾಗುತ್ತದೆ. ಇದು ಸಹಜ.

ಮಲಗಿ ಎದ್ದರೂ ಸರಿಯಾಗದ ದಣಿವು ಇನ್ನೊಂದು ಉಂಟು. ಅದಕ್ಕೆ ಓದಿದವರು "ಬರ್ನ್ ಔಟ್" ಎನ್ನುತ್ತಾರೆ. ಎಣ್ಣೆ ಮುಗಿದ ಮೇಲೆ ದೀಪದ ಬತ್ತಿಯೇ ಸುಟ್ಟ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದರ ಗುರುತುಗಳನ್ನು ಹೇಳಿತು. ಇದು ರೋಗವಲ್ಲ, ಕೆಲಸದ ಒತ್ತಡವನ್ನು ತುಂಬಾ ಕಾಲ ಸರಿಪಡಿಸದೆ ಬಿಟ್ಟದ್ದರ ಫಲ ಎಂದಿತು. ಗುರುತು ಮೂರು.

ಒಂದು, ಮೈಯಲ್ಲಿ ಶಕ್ತಿಯೇ ಇಲ್ಲ ಎನಿಸುವುದು.

ಎರಡು, ಕೆಲಸದ ಹೆಸರು ಕೇಳಿದರೇ ಬೇಸರ, ಸಿಟ್ಟು ಬರುವುದು.

ಮೂರು, ದಿನಾ ಮಾಡುವ ಕೆಲಸವೇ ಕೈಗೆ ಹತ್ತದೆ ಇರುವುದು.

ಇದರ ಜೊತೆ ನಮ್ಮ ನಮ್ಮ ಕೆಲಸದ ಗುರುತುಗಳೂ ಉಂಟು. ಬಗ್ಗಿ ಕುಳಿತು ಬೀಡಿ ಕಟ್ಟುವವರಿಗೆ ಕುತ್ತಿಗೆ, ಸೊಂಟ ನೋವು. ಹೊಗೆಸೊಪ್ಪಿನ ಪುಡಿಯಿಂದ ಕೆಮ್ಮು, ಕಣ್ಣುರಿ. ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಬೆರಳಿನ ಚರ್ಮ ಸುಡುವುದು. ಮಂದ ದೀಪದಲ್ಲಿ ಹೊಲಿಯುವವರಿಗೆ ಕಣ್ಣು ನೋವು. ನಿದ್ದೆಗೆಟ್ಟ ಕೈಗೆ ಕತ್ತರಿ ತಾಗುತ್ತದೆ, ಸೂಜಿ ಚುಚ್ಚುತ್ತದೆ.

ಇನ್ನೊಂದು ಗುರುತನ್ನು ನಾವು ಬಾಯಿ ಬಿಟ್ಟು ಹೇಳುವುದಿಲ್ಲ. ಮಗು "ಅಮ್ಮಾ" ಎಂದು ಕರೆದರೆ ಸಾಕು, ರೇಗುವುದು. ಮಗುವಿನ ತಪ್ಪು ಎಂತದೂ ಇಲ್ಲ. ಆಮೇಲೆ ನಾವೇ ಕಣ್ಣೀರು ಹಾಕುವುದು. ಇದು ನಮ್ಮ ಕೆಟ್ಟ ಗುಣವಲ್ಲ. ಇದು ದಣಿವು.

ಈ ಗುರುತುಗಳು ಎರಡು ಮೂರು ವಾರ ಉಳಿದರೆ "ಹಾಗೇ ಹೋಗುತ್ತದೆ" ಎಂದು ಬಿಡಬೇಡಿ. ವೆನ್ಲಾಕ್ ಆಸ್ಪತ್ರೆ ಉಂಟು. ಹತ್ತಿರದ ಆರೋಗ್ಯ ಕೇಂದ್ರ ಉಂಟು. ಮನಸ್ಸಿಗೆ ತುಂಬಾ ಭಾರವಾದರೆ 14416 ನಂಬರಿಗೆ ಫೋನ್ ಮಾಡಬಹುದು. ಇದು ಸರ್ಕಾರದ ಟೆಲಿ ಮಾನಸ್ ಎಂಬ ಸೇವೆ. ಹಣ ಬೇಡ. ಕನ್ನಡದಲ್ಲೇ ಮಾತಾಡಬಹುದು.

ರಾತ್ರಿಯ ಹಣ ಎಷ್ಟು ಉಳಿಯಿತು?

"ಒಂದು ಗಂಟೆಯಲ್ಲಿ ಎಂತ ಹಣ ಬರುತ್ತದೆ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಇದಕ್ಕೂ ಲೆಕ್ಕ ಹಾಕೋಣ. ಇಲ್ಲಿ ಕೊಡುವ ಅಂಕೆಗಳು ಲೆಕ್ಕ ಕಲಿಯಲು ಮಾತ್ರ. ನಿಮ್ಮ ನಿಮ್ಮ ಅಂಕೆ ಹಾಕಿ ನೀವೇ ಮಾಡಿ ನೋಡಿ.

ನಮ್ಮ ಅಕ್ಕನಿಗೆ ಫ್ಯಾಕ್ಟರಿಯಲ್ಲಿ ದಿನಕ್ಕೆ 400 ರೂಪಾಯಿ ಎಂದು ಇಡೋಣ. ರಾತ್ರಿ ಕೆಲಸಕ್ಕೆ ಗಂಟೆಗೆ 30 ರೂಪಾಯಿ. 3 ಗಂಟೆಗೆ 90. ತಿಂಗಳಿಗೆ 25 ರಾತ್ರಿ. 90ನ್ನು 25ರಿಂದ ಗುಣಿಸಿದರೆ 2,250 ರೂಪಾಯಿ.

ಒಳ್ಳೆಯ ಹಣವೇ. ಆದರೆ ನಿದ್ದೆ ಇಲ್ಲದೆ ಸೊಂಟ ಹಿಡಿಯಿತು. ತಿಂಗಳಲ್ಲಿ 2 ದಿನ ಫ್ಯಾಕ್ಟರಿಗೆ ಹೋಗಲು ಆಗಲಿಲ್ಲ. 800 ರೂಪಾಯಿ ಹೋಯಿತು. ಮಾತ್ರೆ, ಎಣ್ಣೆ, ಆಸ್ಪತ್ರೆಯ ಬಸ್ಸಿನ ಖರ್ಚು 300. ಒಟ್ಟು 1,100 ಹೋಯಿತು.

2,250ರಲ್ಲಿ 1,100 ಕಳೆಯಿರಿ. ಉಳಿದದ್ದು 1,150.

ಈಗ ಆಕೆ ರಾತ್ರಿ ಒಂದೇ ಗಂಟೆ ದುಡಿದಳು ಎಂದು ಇಡೋಣ. 30ನ್ನು 25ರಿಂದ ಗುಣಿಸಿದರೆ 750. ರಜೆ ಹಾಕಲಿಲ್ಲ. ಮಾತ್ರೆ ಬೇಕಾಗಲಿಲ್ಲ. 750 ಪೂರ್ತಿ ಉಳಿಯಿತು.

1,150ಕ್ಕೂ 750ಕ್ಕೂ ಎಷ್ಟು ವ್ಯತ್ಯಾಸ? 400 ರೂಪಾಯಿ. ಈ 400ಕ್ಕಾಗಿ ಆಕೆ ಎಷ್ಟು ಗಂಟೆ ಹೆಚ್ಚು ಕುಳಿತಳು? ದಿನಕ್ಕೆ 2 ಗಂಟೆ, 25 ರಾತ್ರಿ. 50 ಗಂಟೆ. 400ನ್ನು 50ರಿಂದ ಭಾಗಿಸಿದರೆ 8.

ಆ 50 ಗಂಟೆ ಆಕೆ ನಿದ್ದೆ ಬಿಟ್ಟು ದುಡಿದದ್ದು ಗಂಟೆಗೆ 8 ರೂಪಾಯಿಗೆ.

400 ರೂಪಾಯಿಯೂ ಬೇಕು ಎನ್ನುವವರು ಇರಬಹುದು. ಅದು ಅವರವರ ಕಷ್ಟ. ಆದರೆ ಕೊಡುವ ಬೆಲೆ ಎಷ್ಟು ಎಂದು ಗೊತ್ತಿದ್ದು ಕೊಡಲಿ.

ಲೆಕ್ಕದಲ್ಲಿ ನಾವು ಮರೆಯುವ ಖರ್ಚುಗಳೂ ಉಂಟು. ಹೊಲಿಗೆಗೆ ನೂಲು, ಹುಕ್ಕು, ಕರೆಂಟು. ಹಪ್ಪಳಕ್ಕೆ ಎಣ್ಣೆ, ಗ್ಯಾಸು, ಪ್ಲಾಸ್ಟಿಕ್ ಕವರು. ಸಾಮಾನು ತರಲು ಬಸ್ಸು. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ಮಂಗಳೂರು ಪೇಟೆಯೊಳಗೆ ಓಡುವುದು ಹೆಚ್ಚಾಗಿ ಖಾಸಗಿ ಸಿಟಿ ಬಸ್ಸು. ಅಲ್ಲಿ ಹಣ ಕೊಡಲೇಬೇಕು. ಇದನ್ನೆಲ್ಲ ಕಳೆದ ಮೇಲೆ ಉಳಿಯುವುದೇ ನಮ್ಮ ಸಂಪಾದನೆ.

ಹಾಗಾದರೆ ಎಂತ ಮಾಡುವುದು?

ಮೊದಲನೆಯದು, ಮುಗಿಯುವ ಹೊತ್ತನ್ನು ಮೊದಲೇ ಇಡುವುದು. "ಇಷ್ಟು ಬೀಡಿ ಆದ ಮೇಲೆ ಏಳುತ್ತೇನೆ" ಎನ್ನಬೇಡಿ. "ಒಂಬತ್ತು ಗಂಟೆಗೆ ಏಳುತ್ತೇನೆ" ಎನ್ನಿ. ಬೀಡಿಗೆ ಕೊನೆ ಇಲ್ಲ. ಗಂಟೆಗೆ ಕೊನೆ ಉಂಟು. ಮೊಬೈಲಿನಲ್ಲಿ ಬೆಳಿಗ್ಗೆ ಏಳಲು ಅಲಾರಂ ಇಡುತ್ತೇವೆ. ರಾತ್ರಿ ಏಳಲೂ ಒಂದು ಅಲಾರಂ ಇಡೋಣ. ಶೆಡ್‌ನಿಂದ ಬಾರದ ಗಡಿಯಾರವನ್ನು ನಾವೇ ಮನೆಗೆ ತರೋಣ.

ಎರಡನೆಯದು, ವಾರಕ್ಕೆ ಒಂದು ದಿನ ಎರಡನೆಯ ಕೆಲಸ ಬಂದ್. ಭಾನುವಾರ ಆಗಬಹುದು, ಶುಕ್ರವಾರ ಆಗಬಹುದು. ಆ ದಿನ ತಡ್ಪೆಯನ್ನು ಗೋಡೆಗೆ ಒರಗಿಸಿ ಇಡಿ. ಮಿಶಿನ್ ಮೇಲೆ ಬಟ್ಟೆ ಹೊದಿಸಿ.

ಮೂರನೆಯದು ಸ್ವಲ್ಪ ಕಷ್ಟದ್ದು. ಮನೆಗೆಲಸ ಹಂಚುವುದು. ನಮ್ಮ ದಿನದ ಲೆಕ್ಕ ಇನ್ನೊಮ್ಮೆ ನೋಡಿ. ಫ್ಯಾಕ್ಟರಿಯ 8 ಗಂಟೆ ಕಡಿಮೆ ಮಾಡಲು ಆಗುವುದಿಲ್ಲ. ನಿದ್ದೆ ಕಡಿಮೆ ಮಾಡಬಾರದು. ಬದಲಿಸಲು ಆಗುವುದು ಒಂದೇ, ಮನೆಗೆಲಸದ 5 ಗಂಟೆ. ಗಂಡ, ದೊಡ್ಡ ಮಗ, ಮೈದುನ ಸೇರಿ ಒಂದು ಗಂಟೆ ಕೆಲಸ ತೆಗೆದುಕೊಂಡರೆ ನಮಗೆ ಒಂದು ಗಂಟೆ ಸಿಗುತ್ತದೆ. ಪಾತ್ರೆ ತೊಳೆಯುವುದು, ನೀರು ತುಂಬಿಸುವುದು, ಅಂಗಡಿಗೆ ಹೋಗಿ ಬರುವುದು, ಮಗುವಿಗೆ ಸ್ನಾನ ಮಾಡಿಸುವುದು. ಇದಕ್ಕೆ ಯಾವ ತರಬೇತಿಯೂ ಬೇಡ.

ಕೇಳುವುದು ಹೇಗೆ? ಜಗಳ ಬೇಡ. ಇವತ್ತು ಬರೆದ ಸ್ಲೇಟನ್ನೇ ತೋರಿಸಿ. "ಇದು ನನ್ನ ದಿನ. ನೀವೇ ಓದಿ ನೋಡಿ. ಉಳಿದದ್ದು ಒಂದು ಗಂಟೆ" ಎಂದು ಹೇಳಿ. ಬಾಯಿಯಲ್ಲಿ ಹೇಳಿದರೆ ದೂರು ಎನಿಸುತ್ತದೆ. ಬರೆದು ತೋರಿಸಿದರೆ ಲೆಕ್ಕ ಎನಿಸುತ್ತದೆ. ಆ ಕೆಲಸವನ್ನು ಮಗಳ ತಲೆಗೆ ಮಾತ್ರ ಹಾಕಬೇಡಿ. ಅವಳಿಗೆ ಶಾಲೆ ಉಂಟು. ಅವಳನ್ನು ಬೀಡಿಗೂ ಕೂರಿಸಬೇಡಿ.

ನಾಲ್ಕನೆಯದು, ಮಳೆಗಾಲ ಬೇಸಿಗೆ ನೋಡಿ ಕೆಲಸ ಆರಿಸುವುದು. ನಮ್ಮ ಊರಲ್ಲಿ ಜೂನ್‌ನಿಂದ ಮಳೆ. ಹಪ್ಪಳ ಒಣಗುವುದಿಲ್ಲ. ಹಲಸಿನ ಹಪ್ಪಳ ಬೇಸಿಗೆಯ ಕೆಲಸ. ಹೊಲಿಗೆಗೆ ಶಾಲೆ ಶುರುವಾಗುವಾಗ ಮತ್ತು ಹಬ್ಬದ ಮೊದಲು ಜೋರು. ಎಲ್ಲ ಕೆಲಸವನ್ನೂ ಎಲ್ಲ ಕಾಲದಲ್ಲೂ ಎಳೆದುಕೊಳ್ಳುವುದು ಬೇಡ. ಜೋರು ಇದ್ದಾಗ ಸ್ವಲ್ಪ ಹೆಚ್ಚು, ಇಲ್ಲದಾಗ ವಿಶ್ರಾಂತಿ.

ಐದನೆಯದು, ಹೊಸ ಸಾಲ ತೆಗೆಯುವ ಮೊದಲು ಯೋಚಿಸುವುದು. ಸ್ವಸಹಾಯ ಸಂಘಗಳು ನಮ್ಮ ಜಿಲ್ಲೆಯಲ್ಲಿ ತುಂಬಾ ಉಂಟು. ಅವುಗಳಿಂದ ಉಪಕಾರವೂ ಆಗಿದೆ. ಆದರೆ ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ತೆಗೆದರೆ ರಾತ್ರಿ ಕೆಲಸ ಮುಗಿಯುವುದೇ ಇಲ್ಲ. ಸಹಿ ಹಾಕುವ ಮೊದಲು ಕೇಳಿ. ವಾರದ ಕಂತು ಎಷ್ಟು? ಅದಕ್ಕೆ ನಾನು ರಾತ್ರಿ ಎಷ್ಟು ಗಂಟೆ ಕೂರಬೇಕು? ಸಾಲ ವಸೂಲಿಗೆ ಮನೆಗೆ ಬಂದು ಹೆದರಿಸುವುದು ತಪ್ಪು. ಇದನ್ನು ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಕಾನೂನು ತಂದಿದೆ.

ಒಟ್ಟಾಗಿ ಮಾಡಿದರೆ

ಒಬ್ಬಳೇ ಕುಳಿತರೆ ಕೆಲಸ ಭಾರ. ಕೂಲಿಯೂ ಕಡಿಮೆ. ಕೇಳುವ ಧೈರ್ಯವೂ ಕಡಿಮೆ.

ಮುಂಬೈಯಲ್ಲಿ 1959ರಲ್ಲಿ 7 ಮಂದಿ ಹೆಂಗಸರು ಮನೆಯ ತಾರಸಿಯ ಮೇಲೆ ಹಪ್ಪಳ ಮಾಡಲು ಕುಳಿತರು. ಕೈಯಲ್ಲಿ ಇದ್ದದ್ದು 80 ರೂಪಾಯಿ ಸಾಲ. ಮೊದಲ ದಿನ ಮಾಡಿದ್ದು 4 ಪ್ಯಾಕೆಟ್ಟು. ಅದೇ ಇವತ್ತಿನ ಲಿಜ್ಜತ್ ಹಪ್ಪಳ. ಈಗ ಅದರಲ್ಲಿ ಸಾವಿರ ಸಾವಿರ ಹೆಂಗಸರು ಇದ್ದಾರೆ. ಹಿಟ್ಟು ಕಲಸುವುದು ಸಂಘದ ಕೇಂದ್ರದಲ್ಲಿ. ಲಟ್ಟಿಸುವುದು ಮನೆಯಲ್ಲಿ. ಸಾಮಾನು ತರುವ ಚಿಂತೆ ಒಬ್ಬೊಬ್ಬಳಿಗೆ ಇಲ್ಲ. ಮಾರುವ ಚಿಂತೆಯೂ ಇಲ್ಲ.

ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ಅವರು "ಸೇವಾ" ಎಂಬ ಸಂಘ ಕಟ್ಟಿದರು. ತಲೆಹೊರೆ ಹೊರುವವರು, ತರಕಾರಿ ಮಾರುವವರು, ಮನೆಯಲ್ಲಿ ಬೀಡಿ ಕಟ್ಟುವವರು, ಹೊಲಿಯುವವರು ಅದರಲ್ಲಿ ಸೇರಿದರು. "ನೀವು ಕಾರ್ಮಿಕರೇ ಅಲ್ಲ" ಎನ್ನುತ್ತಿದ್ದವರ ಮುಂದೆ "ನಾವೂ ಕಾರ್ಮಿಕರು" ಎಂದು ನಿಂತರು.

ನಾವು ಅಷ್ಟು ದೊಡ್ಡದು ಮಾಡಬೇಕೆಂದಿಲ್ಲ. ನಾಲ್ಕು ಮನೆಯವರು ಒಂದೇ ಜಗಲಿಯಲ್ಲಿ ಕೂರಬಹುದು. ಒಬ್ಬರು ನಾಲ್ವರ ಸಾಮಾನು ತರಬಹುದು. ಒಬ್ಬರು ಎಲ್ಲರ ಮಕ್ಕಳನ್ನು ನೋಡಿಕೊಳ್ಳಬಹುದು. ಓದು ಚೆನ್ನಾಗಿ ಬರುವವರು ಹತ್ತು ನಿಮಿಷ ಪೇಪರ್ ಓದಬಹುದು, ಕಣ್ಣೂರಿನ ಶೆಡ್‌ನ ಹಾಗೆ. ಗಂಟೆ ಆದ ಕೂಡಲೇ ಎಲ್ಲರೂ ಒಟ್ಟಿಗೆ ಏಳಬಹುದು. ಒಬ್ಬಳೇ ಏಳುವುದು ಕಷ್ಟ. ನಾಲ್ವರು ಒಟ್ಟಿಗೆ ಏಳುವುದು ಸುಲಭ.

ಇನ್ನೊಂದು ಮಾತು. ಬೀಡಿ ಸೇದುವುದು ಕೆಟ್ಟದು ಎಂದು ಎಲ್ಲರಿಗೂ ಗೊತ್ತು. ಅದಕ್ಕೆ ದಿನೇಶ್ ಬೀಡಿ ಸಂಘದವರು ಬೀಡಿ ಒಂದನ್ನೇ ನಂಬಿ ಕೂರಲಿಲ್ಲ. ತಿನ್ನುವ ಸಾಮಾನು, ಕೊಡೆ ಮಾಡಲು ಕಲಿತರು. ನಾವೂ ಬೆರಳಿಗೆ ಇನ್ನೊಂದು ವಿದ್ಯೆ ಕಲಿಸಬೇಕು.

ಕಾಗದದಲ್ಲಿ ನಮ್ಮ ಹಕ್ಕು

ಮನೆಯಲ್ಲಿ ಕುಳಿತು ದುಡಿಯುವವರು ಕಾರ್ಮಿಕರು ಹೌದಾ, ಅಲ್ಲವಾ? ಈ ಪ್ರಶ್ನೆ ಸುಪ್ರೀಂ ಕೋರ್ಟಿಗೇ ಹೋಗಿದೆ. ಹೋದದ್ದು ನಮ್ಮ ಮಂಗಳೂರಿನ ಹೆಸರಿನಲ್ಲೇ. 1966ರ ಬೀಡಿ ಕಾನೂನು ಸರಿಯಲ್ಲ ಎಂದು ಮಂಗಳೂರು ಗಣೇಶ್ ಬೀಡಿ ಸಂಸ್ಥೆ ಮತ್ತು ಇತರರು ಹೂಡಿದ ಮೊಕದ್ದಮೆಯಲ್ಲಿ 1974ರಲ್ಲಿ ತೀರ್ಪು ಬಂತು. ಕೋರ್ಟು ಕಾನೂನನ್ನು ಎತ್ತಿ ಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವರೂ ಆ ಕಾನೂನಿನ ಒಳಗೆ ಬರುತ್ತಾರೆ ಎಂದಿತು. 1985ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಮನೆಯಲ್ಲಿ ಕಟ್ಟುವವರಿಗೂ ಪಿ.ಎಫ್. ಉಂಟು ಎಂದಿತು.

2025ರ ನವೆಂಬರ್ 21ರಿಂದ ಹಳೆಯ ಹಲವು ಕಾರ್ಮಿಕ ಕಾನೂನುಗಳ ಬದಲು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1966ರ ಬೀಡಿ ಕಾನೂನು ಕೂಡ ಅದರಲ್ಲಿ ಸೇರಿ ಹೋಗಿದೆ. ಹೊಸ ಸಂಹಿತೆಯಲ್ಲೂ ವಾರದ ಕೆಲಸಕ್ಕೆ 48 ಗಂಟೆಯ ಮಿತಿ ಉಂಟು. ಅದಕ್ಕಿಂತ ಹೆಚ್ಚು ದುಡಿಸಲು ನಮ್ಮ ಒಪ್ಪಿಗೆ ಬೇಕು. ಹೆಚ್ಚಿನ ಗಂಟೆಗೆ ಕೂಲಿ ಎರಡು ಪಟ್ಟು. ಇದು ಫ್ಯಾಕ್ಟರಿಯಲ್ಲಿ ದುಡಿಯುವವರಿಗೆ ಗೊತ್ತಿರಬೇಕು. ಹಗಲಿನ ಕೂಲಿ ಸರಿಯಾಗಿ ಕೈಗೆ ಬಂದರೆ ರಾತ್ರಿಯ ಒಂದು ಗಂಟೆಯನ್ನಾದರೂ ಬಿಡಬಹುದಲ್ಲ? ಎರಡನೆಯ ಕೆಲಸಕ್ಕೆ ಮದ್ದು ಅರ್ಧ ಮೊದಲನೆಯ ಕೆಲಸದ ಕೂಲಿಯಲ್ಲೇ ಉಂಟು.

ಲೋಕದ ಮಟ್ಟದಲ್ಲೂ ಒಂದು ಒಪ್ಪಂದ ಉಂಟು. ಮನೆಯಲ್ಲಿ ಕೂಲಿಗೆ ದುಡಿಯುವವರನ್ನು ಉಳಿದ ಕಾರ್ಮಿಕರಂತೆಯೇ ನೋಡಬೇಕು ಎಂದು 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಂದ ಮಾಡಿತು. ನಮ್ಮ ದೇಶ ಅದಕ್ಕೆ ಇನ್ನೂ ಒಪ್ಪಿಗೆಯ ಸಹಿ ಹಾಕಿಲ್ಲ. ಕೇಳುವ ಬಾಯಿ ಹೆಚ್ಚಾದರೆ ಒಂದು ದಿನ ಹಾಕಬಹುದು.

ಕಾನೂನು ಕಾಗದದಲ್ಲಿ ಉಂಟು. ಕಾಗದ ಓದಲು ಬರುವವರಿಗೆ ಮಾತ್ರ ಅದು ಉಪಯೋಗ. ಆದ್ದರಿಂದ ಬೀಡಿ ಬ್ರಾಂಚಿನಲ್ಲಿ ಪುಸ್ತಕ ಕೊಟ್ಟರೆ ಅಲ್ಲೇ ನಿಂತು ಓದಿ. ಕೊಟ್ಟದ್ದು ಎಷ್ಟು? 25 ಬೀಡಿಗೆ ಒಂದು ಕಟ್ಟು. 40 ಕಟ್ಟಿಗೆ 1,000 ಬೀಡಿ. ಪುಸ್ತಕದಲ್ಲಿ ಬರೆದದ್ದು ಎಷ್ಟು? ಸರಿಯಿಲ್ಲ ಎಂದು ತೆಗೆದುಹಾಕಿದ್ದು ಎಷ್ಟು, ಯಾಕೆ? ಪಿ.ಎಫ್. ಎಂದು ಹಿಡಿದದ್ದು ಎಷ್ಟು? ಕೇಳಲು ನಾಚಿಕೆ ಬೇಡ. "ಸ್ವಲ್ಪ ತೋರಿಸಿ ಸರ್, ಓದಿ ನೋಡುತ್ತೇನೆ" ಎಂದರೆ ಸಾಕು. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಈಗ ಸಹಿ ಹಾಕುತ್ತದೆ. ಓದಿದ ಮೇಲೆ ಸಹಿ ಹಾಕಲಿ.

ಮುಂದಿನ ವಾರಕ್ಕೆ

ಮಾತು ಉದ್ದವಾಯಿತು. ನಿಮಗೂ ಮನೆಗೆ ಹೋಗಿ ಅನ್ನ ಇಡಬೇಕು. ಇವತ್ತಿನಿಂದ ಒಂದು ವಾರ ಒಂದು ಕೆಲಸ ಮಾಡೋಣ. ನೋಟ್ ಪುಸ್ತಕದ ಒಂದು ಹಾಳೆಯಲ್ಲಿ ದಿನಾ ನಾಲ್ಕು ಸಾಲು ಬರೆಯೋಣ.

1. ಇವತ್ತು ಎರಡನೆಯ ಕೆಲಸಕ್ಕೆ ಕುಳಿತದ್ದು ಎಷ್ಟು ಗಂಟೆಗೆ? ಎದ್ದದ್ದು ಎಷ್ಟು ಗಂಟೆಗೆ?

2. ಬಂದ ಹಣ ಎಷ್ಟು? ಅದಕ್ಕೆ ಆದ ಖರ್ಚು ಎಷ್ಟು?

3. ನಿದ್ದೆ ಮಾಡಿದ್ದು ಎಷ್ಟು ಗಂಟೆ?

4. ಮನೆಯಲ್ಲಿ ಬೇರೆ ಯಾರು ಯಾವ ಕೆಲಸ ಮಾಡಿದರು?

ಅಕ್ಷರ ವಕ್ರವಾದರೂ ಚಿಂತೆ ಇಲ್ಲ. ತಪ್ಪಾದರೂ ಚಿಂತೆ ಇಲ್ಲ. ಹಾಳೆ ತನ್ನಿ. ಮುಂದಿನ ವಾರ ಎಲ್ಲರೂ ಕೂತು ಕೂಡಿಸೋಣ. ಯಾರ ರಾತ್ರಿ ಎಷ್ಟು ಉದ್ದ ಎಂದು ನೋಡೋಣ. ಅದನ್ನು ಎಷ್ಟು ಗಿಡ್ಡ ಮಾಡಬಹುದು ಎಂದು ಒಟ್ಟಿಗೆ ಯೋಚಿಸೋಣ.

ಇವತ್ತು ರಾತ್ರಿ ಬೇಗ ಮಲಗಿ.